ಸುನಂದಾ ಕಾಕುವಿನ ಕೈ

ಸುನಂದಾ ಕಾಕು ಎಮ್ಮೆಗೂ ಬಹುವಚನ ಹಚ್ಚಿ ಮಾತಾಡುತ್ತಿದ್ದಳು. "ಒಂಚೂರು ಸರದ ನಿಂದರ್ರಿ ಬಾಯಾರ, ನಾ ಕುಂದರಬೇಕು" ಅಂದರೆ ಎಮ್ಮೆ ಸರಿದು ನಿಲ್ಲುತ್ತಿತ್ತು. ತವರಿನವರು ಕೊಟ್ಟದ್ದು, ಅವಳ ಸ್ವಂತದ್ದು. ನೇಸರಿಯ ನಮ್ಮ ಮನೆಯಲ್ಲಿ ಅಷ್ಟು ಮರ್ಯಾದೆಯನ್ನು ನನ್ನ ಈ ಚಿಕ್ಕಮ್ಮನಿಗೆ ಯಾರೂ ಕೊಡಲಿಲ್ಲ.

ಮೊದಲು ಅವಳ ಬೆರಳ ಸಂದುಗಳು ಬಾತವು. ಬೆಳಿಗ್ಗೆ ಮುಷ್ಟಿ ಕಟ್ಟಲಾಗದು. ಹಿಂಡಲು ಕೂತರೆ ಕಣ್ಣಲ್ಲಿ ನೀರು. ಆಮೇಲೆ ಮೊಣಕಾಲು ಹಿಡಿಯಿತು, ಮುಖ ಊದಿತು, ದನಿ ಒಡೆಯಿತು. ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು ಕೂತಲ್ಲೇ ತೂಕಡಿಸುವಳು. ಇಷ್ಟೆಲ್ಲ ಕಣ್ಣಮುಂದೆ ಇದ್ದರೂ ನಮ್ಮಜ್ಜಿ ಕಂಡುಹಿಡಿದ ರೋಗ ಒಂದೇ. ಮನೆಗೆ ಬಂದವರ ಮುಂದೆಲ್ಲ, "ಭಾಳ ಮೈಗಳ್ಳಿ ಅದಾಳ್ರಿ. ನಾಟಕ ಮಾಡಾಕತ್ತಾಳ" ಅನ್ನುವಳು. ಅವಳ ಗಂಡ, ನಮ್ಮ ಕಾಕಾ, ಎಣ್ಣೆ ತಂದುಕೊಟ್ಟ, ನೋವಿನ ಇಂಜೆಕ್ಷನ್ ಚುಚ್ಚಿಸಿದ. ರಕ್ತ ತಪಾಸಣೆ ಮಾಡಿಸೋಣ ಎಂದು ನಾನು ಅಂದರೆ, "ಸಂದು ನೋವಿಗೆ ರಕ್ತ ಯಾಕ ಬೇಕವ್ವಾ?" ಎಂದು ನಕ್ಕ. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ.

ಕಡೆಗೆ ನಾನೇ ಅವಳನ್ನು ಎಸ್‌ಟಿ ಬಸ್ಸಿನಲ್ಲಿ ಗಡಹಿಂಗ್ಲಜಕ್ಕೆ ಕರೆದೊಯ್ದೆ. ಅಲ್ಲಿನ ಡಾಕ್ಟರ್ ಬಾಯಾರು ಅವಳ ಕುತ್ತಿಗೆ ಮುಟ್ಟಿ ನೋಡಿ ರಕ್ತ ತೆಗೆಸಿದರು. ಸಂಜೆ ವರದಿ ನೋಡಿ, "ಥೈರಾಯ್ಡ್ ಕಮ್ಮಿ ಆಗೇತ್ರಿ. ಅದಕ್ಕ ಸಂದು ಬಾತಾವ, ಅದಕ್ಕ ನಿದ್ದಿ. ದಿನಾ ಖಾಲಿ ಹೊಟ್ಟಿಲೆ ಒಂದು ಗುಳಿಗಿ ತಗೋರಿ" ಎಂದರು.

ಕಾಕು ಮೆಲ್ಲಗೆ ಕೇಳಿದಳು: "ಹಂಗಾರ ನಾ ನಾಟಕ ಮಾಡ್ತಿದ್ದಿಲ್ಲ, ಹೌದಲ್ರಿ?"

ಮನೆಗೆ ಬಂದರೆ ಕೊಟ್ಟಿಗೆ ಖಾಲಿ. ಹಿಂಡಲಾಗದವಳಿಗೆ ಎಮ್ಮೆ ಯಾಕೆಂದು ಕಾಕಾ ಅದೇ ದಿನ ಮಾರಿಬಿಟ್ಟಿದ್ದ. ಅವಳಿಗೊಂದು ಮಾತು ಹೇಳಲಿಲ್ಲ, ಕೇಳಲಿಲ್ಲ. ನಾನು ಬಾಯಿಗೆ ಬಂದಂತೆ ಬೈದೆ. ಅಜ್ಜಿ ನನಗೇ ತಿರುಗಿ ಬೈದಳು. ಕಾಕು ಹಗ್ಗ ಸುತ್ತಿ ಒಳಗಿಟ್ಟಳು.

ಕೆಲವು ತಿಂಗಳಲ್ಲಿ ಬಾವು ಇಳಿಯಿತು, ಮುಷ್ಟಿ ಕೂಡಿತು. ಆಗ ಕಾಕಾ ದೊಡ್ಡ ಮನಸ್ಸು ಮಾಡಿದವನಂತೆ, "ಕೈ ನೆಟ್ಟಗಾದವಲ್ಲ, ಹೊಸಾ ಎಮ್ಮಿ ತರ್ತೀನಿ ತಗೋ" ಎಂದ.

ಕಾಕು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ತರ್ರಿ. ನಿಮ್ಮವ್ವನ ಕಡೆ ಹಿಂಡಿಸ್ರಿ" ಎಂದಳು.

ಆ ವಾರವೇ ಇಚಲಕರಂಜಿಯ ತನ್ನ ತಂಗಿಯ ಮನೆಗೆ ಹೊರಟಳು. ನಾನು ಕೈ ಕೊಡಹೋದರೆ ಬೇಡವೆಂದು ಬಸ್ಸಿನ ಕಂಬಿ ಬಿಗಿಯಾಗಿ ಹಿಡಿದು ತಾನೇ ಹತ್ತಿದಳು. ನಾನು ಅವಳನ್ನು ಕಂಡದ್ದು ಅದೇ ಕೊನೆ.

ಈಗ ಅಜ್ಜಿಗೂ ಮೊಣಕಾಲು ನೋವು. ನೋಡಿಕೊಳ್ಳಲು ಕಾಕುವನ್ನು ಕರೆದುಕೊಂಡು ಬಾ ಎಂದು ಕಾಕಾ ನನಗೇ ಹೇಳುತ್ತಾನೆ. ಅಜ್ಜಿಯನ್ನು ಡಾಕ್ಟರ ಹತ್ತಿರ ನಾನೇ ಕರೆದೊಯ್ದಿದ್ದೇನೆ, ರಕ್ತವನ್ನೂ ತೆಗೆಸಿದ್ದೇನೆ. ಕಾಕುವನ್ನು ಕರೆಯಲು ಮಾತ್ರ ಹೋಗುವುದಿಲ್ಲ.