ಏಳು ತಂತಿ, ಒಂದು ಸುಣ್ಣದ ಡಬ್ಬಿ

ಮುಂಡಾಜೆಯ ಲೋಕನಾಥ ಬೊಂಬಾಯಿಯಿಂದ ಊರಿಗೆ ಮರಳಿದ್ದು 1962ರ ದೀಪಾವಳಿಯ ಹೊತ್ತಿಗೆ. ಟ್ರಂಕಿನಲ್ಲಿ ಮೂರು ಅಂಗಿ, ಎರಡು ಸೆಟ್ ಗಿಟಾರ್ ತಂತಿ ಮತ್ತು ನಾಲ್ಕಾಗಿ ಮಡಚಿದ ದೊಡ್ಡದೊಂದು ಕಾಗದ ಇದ್ದವು. ಗಿಟಾರ್ ಮಾತ್ರ ಇರಲಿಲ್ಲ.

ಹನ್ನೊಂದು ವರ್ಷ ಅವನು ಅಲ್ಲಿ ಹೋಟೆಲೊಂದರಲ್ಲಿ ದೋಸೆ ಹೊಯ್ದಿದ್ದ. ಅವನು ವಾಸವಿದ್ದ ಚಾಳಿನಲ್ಲೇ ಇದ್ದ ಗೋವೆಯ ಬ್ಯಾಂಡಿನವನೊಬ್ಬ ರಜೆಯ ದಿನಗಳಲ್ಲಿ ಅವನಿಗೆ ಗಿಟಾರ್ ಕಲಿಸಿದ. ಲೋಕನಾಥ ಊರಿಗೆ ಹೊರಡುವ ದಿನ ತನ್ನ ವಾದ್ಯವನ್ನು ಕಾಗದದ ಮೇಲೆ ಮಲಗಿಸಿ, ಸುತ್ತ ಪೆನ್ಸಿಲ್ ಎಳೆದುಕೊಳ್ಳಲು ಬಿಟ್ಟ. ಬೆರಳೊತ್ತುವ ಮೆಟ್ಟಿಲುಗಳು ಎಲ್ಲೆಲ್ಲಿ ಬರಬೇಕೆಂದು ಲೋಕನಾಥ ಒಂದೊಂದಾಗಿ ಗೆರೆ ಹಾಕಿಕೊಂಡ.

ಬಂಟ್ವಾಳ ಪೇಟೆಯಲ್ಲಿ ನಿಝಾಮುದ್ದೀನ್ ಸಾಹೇಬರ ಮೈಕ್ ಸೆಟ್ಟಿನ ಅಂಗಡಿ ಇತ್ತು. ಮರ ಹತ್ತಿ ಹಾರ್ನ್ ಕಟ್ಟುವುದು, ವಯರ್ ಎಳೆಯುವುದು, ಮದುವೆ ಮನೆಯಲ್ಲಿ ರೆಕಾರ್ಡ್ ಬದಲಿಸುವುದು ಅಲ್ಲಿ ಲೋಕನಾಥನಿಗೆ ಸಿಕ್ಕ ಕೆಲಸ. ಮೂರನೇ ವಾರಕ್ಕೆ ಅವನು ಸಾಹೇಬರಿಗೆ ಕಾಗದ ಬಿಡಿಸಿ ತೋರಿಸಿದ. ರೆಕಾರ್ಡಿನ ಬದಲು ತಾನೇ ಕುಳಿತು ನುಡಿಸುತ್ತೇನೆ, ಕರೆಂಟಿನ ಗಿಟಾರ್ ಮಾಡಿಸುತ್ತೇನೆ, ಅದಕ್ಕೆ ಏಳು ತಂತಿ ಇರುತ್ತದೆ ಎಂದ.

"ಆರಿರುವುದಲ್ಲವಾ ಅದಕ್ಕೆ?"

"ಬೊಂಬಾಯಿಯಲ್ಲಿ ಒಬ್ಬ ನುಡಿಸಿದರೆ ಹಿಂದೆ ಹತ್ತು ಜನ ಇರ್ತಾರೆ ಸಾಯ್ಬರೇ. ಇಲ್ಲಿ ನಾನೊಬ್ಬನೇ. ಏಳನೆಯದು ಶ್ರುತಿಗೆ. ತಂಬೂರಿ ಹಿಡಿಯುವವನ ಊಟ ನಿಮಗೆ ಉಳಿಯಿತು."

ಸಾಹೇಬರು ನಕ್ಕರು. ಕೆಟ್ಟ ಹೆಡ್‌ಫೋನಿನ ಅಯಸ್ಕಾಂತ, ಸುಟ್ಟ ಟ್ರಾನ್ಸ್‌ಫಾರ್ಮರಿನ ಕೂದಲೆಳೆಯ ತಾಮ್ರದ ತಂತಿ, ಪಕ್ಕದ ದರ್ಜಿಯ ಮೆಷಿನಿನ ಚಕ್ರ, ಇಷ್ಟರಿಂದ ತಂತಿಯ ನಾದವನ್ನು ಕರೆಂಟಿಗೆ ತಿರುಗಿಸುವ ಸುರುಳಿಯನ್ನು ಅವರೇ ಸುತ್ತಿಕೊಟ್ಟರು. ಕೊಡುವಾಗ ಒಂದು ಮಾತು ಹೇಳಿದರು.

"ಒಂದು ಮದುವೆ ಕೊಡ್ತೇನೆ ನೋಡು. ಉಣ್ಣುವವರಲ್ಲಿ ಒಬ್ಬನೇ ಒಬ್ಬ 'ರೆಕಾರ್ಡ್ ಹಾಕಿ' ಅಂದರೂ ನಾನು ಮುಳ್ಳು ಇಡುವವನೇ. ಮತ್ತೆ ನೀನು ಗಿಟಾರಿನ ಸುದ್ದಿ ಎತ್ತಬಾರದು. ಮರ ಹತ್ತಬೇಕು, ಹಾರ್ನ್ ಕಟ್ಟಬೇಕು, ಅಷ್ಟೆ."

ಲೋಕನಾಥ ಒಪ್ಪಿದ. ಒಪ್ಪದಿದ್ದರೆ ಇನ್ನೊಂದು ಮದುವೆ ಕೊಡುವವರು ಮೂರು ತಾಲೂಕಿನಲ್ಲಿ ಯಾರೂ ಇರಲಿಲ್ಲ.

ಮರದ ಕೆಲಸ ಮೂಡುಬಿದಿರೆಯ ಚಿನ್ನಯ್ಯ ಆಚಾರ್ಯರದ್ದು. ಮೂರು ತಿಂಗಳು ಹಿಡಿಯಿತು. ಹಲಸಿನ ಮರದಲ್ಲಿ, ಕತ್ತಿನಿಂದ ಬುಡದವರೆಗೆ ಒಂದೇ ತುಂಡು. ತಂತಿ ಹೊರುವ ಕುದುರೆಯನ್ನೂ ಅದೇ ಮರದಲ್ಲಿ ಕೆತ್ತಿ ಎಬ್ಬಿಸಿದ್ದರು. ನೋಡಲು ಚಂದವಿತ್ತು. ಆದರೆ ತಂತಿ ಕಟ್ಟಿ ಮೆಟ್ಟಿಲೊತ್ತಿ ನುಡಿಸಿದರೆ ಸ್ವರಗಳು ಇಳಿದು ಕೇಳುತ್ತಿದ್ದವು. ಮೇಲೆ ಹೋದಷ್ಟೂ ಇನ್ನಷ್ಟು ಇಳಿಯುತ್ತಿದ್ದವು. ಲೋಕನಾಥ ಕಾಗದ ಹಿಡಿದು ಅಳೆದ. ಮೆಟ್ಟಿಲುಗಳು ಗೆರೆಯ ಮೇಲೇ ಇದ್ದವು. ಕುದುರೆ ಮಾತ್ರ ಮುಕ್ಕಾಲು ಅಂಗುಲ ಕೆಳಗಿತ್ತು.

"ಅದು ನಾನೇ ಇಳಿಸಿದ್ದು," ಎಂದರು ಆಚಾರ್ಯರು ಸಮಾಧಾನವಾಗಿ. "ನಿನ್ನ ಕಾಗದದ ಅಳತೆ ಧೂಮಾಯಕ್ಕೆ ಬರ್ತದೆ. ಧೂಮಾಯದಲ್ಲಿ ನಾನು ಒಂದು ಮಣೆ ಸಹ ಮಾಡಿದವನಲ್ಲ. ಮುಕ್ಕಾಲು ಅಂಗುಲ ಸೇರಿಸಿ ಧ್ವಜಾಯಕ್ಕೆ ತಂದೆ."

ಮನೆಯಾಗಲಿ, ಬಾಗಿಲಾಗಲಿ, ತೊಟ್ಟಿಲಾಗಲಿ, ಅಳತೆಯು ವಾಸ್ತುವಿನ ಎಂಟು ಆಯಗಳಲ್ಲಿ ಒಳ್ಳೆಯದೊಂದಕ್ಕೆ ಕೂಡಿಬರದೆ ಉಳಿ ಹಿಡಿಯುವವರಲ್ಲ ಅವರು.

"ಇದು ಮನೆಯಲ್ಲ ಆಚಾರ್ರೇ, ಗಿಟಾರ್."

"ನಿನ್ನ ಮನೆಯೊಳಗೆ ಇರುವುದು ಹೌದಲ್ಲ?"

ಆಚಾರ್ಯರು ಆಗ ಬಾಗಿಲ ದಾರಂದ ಕೂರಿಸುತ್ತಿದ್ದದ್ದು ತ್ರಿಶಲಾ ಟೀಚರ ಮನೆಯಲ್ಲಿ. ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಆ ಜೈನ ಹೆಂಗಸು ಸಂಜೆ ಹೊತ್ತು ವೀಣೆ ನುಡಿಸುವವರು. ಜಗಳ ಕೇಳಿ ಹೊರಗೆ ಬಂದು ವಾದ್ಯವನ್ನು ತಿರುಗಿಸಿ ನೋಡಿದರು.

"ಕುದುರೆ ಸರಿಸಲಿಕ್ಕೆ ಆಗದಿದ್ದರೆ ಮೆಟ್ಟಿಲು ಸರಿಸುವ. ನಮ್ಮ ವೀಣೆಯ ಮೆಟ್ಟಿಲು ನಿಂತಿರುವುದು ಮೇಣದ ಮೇಲೆ. ಕಿವಿ ಹೇಳಿದಲ್ಲಿ ಕೂರಿಸುವುದು, ಆಯ ಹೇಳಿದಲ್ಲಿ ಅಲ್ಲ."

"ನನಗೆ ಹೇಳಿದ್ದಾ ಅದು?" ಎಂದರು ಆಚಾರ್ಯರು.

"ಗಾಳಿಗೆ ಹೇಳಿದ್ದು."

ಎರಡು ಭಾನುವಾರ ಕುಳಿತು ಟೀಚರೂ ಲೋಕನಾಥನೂ ಹಿತ್ತಾಳೆಯ ಮೆಟ್ಟಿಲುಗಳನ್ನು ಕಿತ್ತರು. ಜೇನುಮೇಣಕ್ಕೆ ಮಸಿ ಬೆರೆಸಿ ಅಂಚು ಕಟ್ಟಿ, ಒಂದೊಂದನ್ನೂ ಸ್ವರ ಕೇಳಿ ಕೂರಿಸಿದರು. ಗಿಟಾರ್ ಮಾತಾಡಿತು. ಮೇಣದ ಅಂಚಿಗೆ ಜಾಗ ಬೇಕೆಂದು ತಂತಿಗಳನ್ನು ಮೊದಲಿಗಿಂತ ಎತ್ತರಿಸಿದ್ದರಿಂದ ಒತ್ತಲು ಸ್ವಲ್ಪ ಕಷ್ಟವಾಗುತ್ತಿತ್ತು. "ದೋಸೆ ಕಾವಲಿ ಎತ್ತಿದ ಕೈಗೆ ಇದೆಂತ ಭಾರ," ಎಂದರು ಟೀಚರು.

ಸಾಹೇಬರು ಕೊಟ್ಟ ಮದುವೆ ಬೆಳ್ತಂಗಡಿಯ ಶೀನಪ್ಪ ಶೆಟ್ಟರ ಮಗಳು ಕುಸುಮಳದ್ದು. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ. ಧಾರೆ ಮುಗಿದು ಜನ ಊಟಕ್ಕೆ ಕೂರುವಾಗ ನುಡಿಸುವುದೆಂದು ಮಾತಾಗಿತ್ತು. ಧೂಳು ಏಳದಂತೆ ಚಪ್ಪರದ ನೆಲಕ್ಕೆ ಆಗಷ್ಟೇ ನೀರು ಚಿಮುಕಿಸಿದ್ದರು. ಹೊಸ ವಾದ್ಯ ಒದ್ದೆಯಾಗಬಾರದೆಂದು ಲೋಕನಾಥ ಅದನ್ನು ಒಣಗಿದ್ದ ಏಕೈಕ ಜಾಗದಲ್ಲಿ, ಆಂಪ್ಲಿಫಯರ್ ಪೆಟ್ಟಿಗೆಯ ಮೇಲೆ ಮಲಗಿಸಿದ. ಬೆಳಗ್ಗಿನಿಂದ ಹಾಡುತ್ತಿದ್ದ ಆ ಪೆಟ್ಟಿಗೆಯೊಳಗೆ ನಾಲ್ಕು ಗಾಜಿನ ವಾಲ್ವುಗಳು ಕೆಂಪಗೆ ಉರಿಯುತ್ತಿದ್ದದ್ದು ಅವನಿಗೆ ನೆನಪಾಗಲಿಲ್ಲ.

ಮೊದಲ ಪಂಕ್ತಿಗೆ ಎಲೆ ಹಾಕಿದರು. ಸಾಹೇಬರು ರೆಕಾರ್ಡ್ ನಿಲ್ಲಿಸಿ, "ಹೂಂ," ಎಂದರು. ಲೋಕನಾಥ ಗಿಟಾರ್ ಎತ್ತಿದ. ಮೇಣ ಅವನ ಅಂಗೈಗೆ ಅಂಟಿತು. ಮೂರು ಮೆಟ್ಟಿಲು ಒಂದರ ಮೇಲೊಂದು ಜಾರಿದ್ದವು, ಒಂದು ನೆಲಕ್ಕೆ ಬಿತ್ತು.

"ಎಂತ ಅದು, ಬೆಲ್ಲದ ಗಿಟಾರಾ?" ಎಂದು ಎದುರಿನ ಎಲೆಯವನೊಬ್ಬ ಕೇಳಿದ. ಪಂಕ್ತಿಯೇ ನಕ್ಕಿತು. ಸಾಹೇಬರು ಗ್ರಾಮಫೋನಿನ ಮುಳ್ಳಿನ ತೋಳಿಗೆ ಕೈ ಹಾಕಿದರು.

"ಸಾಯ್ಬರೇ, ಒಂದು ನಿಮಿಷ."

ಉಳಿದ ಮೆಟ್ಟಿಲುಗಳನ್ನೂ ಅವನು ಹೆಬ್ಬೆರಳಿನಿಂದ ಉದುರಿಸಿದ. ಮೆಟ್ಟಿಲಿಲ್ಲದ ಗಿಟಾರನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವವರನ್ನು ಬೊಂಬಾಯಿಯಲ್ಲಿ ಅವನು ಕಂಡಿದ್ದ. ತಾನು ನುಡಿಸಿರಲಿಲ್ಲ. ಪಕ್ಕದ ಚಾಪೆಯ ಮೇಲೆ ಹುಕ್ರಪ್ಪ ಎಂಬ ಮುದುಕರು ಎಲೆಯಡಿಕೆ ತಟ್ಟೆ ಬಿಚ್ಚಿ ಕುಳಿತಿದ್ದರು. ತಟ್ಟೆಯಲ್ಲಿ ಬೆರಳುದ್ದದ, ಉರುಟಾದ ಹಿತ್ತಾಳೆಯ ಸುಣ್ಣದ ಡಬ್ಬಿ ಇತ್ತು. ಲೋಕನಾಥ ಕೈಚಾಚಿ ಎತ್ತಿಕೊಂಡ.

ಏಳನೆಯ ತಂತಿ ಮೀಟಿದ. ಮುಕ್ಕಾಲು ಅಂಗುಲ ಹೆಚ್ಚಿದ್ದ ಆ ತಂತಿಯ ಷಡ್ಜ ಹಾರ್ನಿನಿಂದ ಹೊರಟು ಚಪ್ಪರದ ತುಂಬ ನಿಂತಿತು. ಅದರ ಮೇಲೆ ಅವನು ಡಬ್ಬಿ ಜಾರಿಸುತ್ತ ಶೋಭಾನೆಯ ಒಂದು ಧಾಟಿ ಎತ್ತಿದ. ಮೊದಲ ಸಾಲು ತಪ್ಪಿತು. ಎರಡನೆಯದು ಹೆಂಗಸರ ಕೊರಳಿನ ಹಾಗೇ ಬಳುಕಿ ಬಂತು. ಅಡುಗೆ ಚಪ್ಪರದಿಂದ ಇಬ್ಬರು ಹೆಂಗಸರು, ಹಾಡುತ್ತಿರುವವರು ಯಾರೆಂದು ಇಣುಕಿದರು. ಯಾರೂ ಹಾಡುತ್ತಿಲ್ಲವೆಂದು ಕಂಡಾಗ ತಾವೇ ಹಾಡತೊಡಗಿದರು. ಬಡಿಸುವವನು ಸಾರಿನ ಬಕೆಟು ಹಿಡಿದು ನಿಂತೇಬಿಟ್ಟ. ಸಾರು ಕೇಳಿದವರಿದ್ದರು. ರೆಕಾರ್ಡ್ ಕೇಳಿದವರಿರಲಿಲ್ಲ.

ಮೂರನೆಯ ಪಂಕ್ತಿಯ ಹೊತ್ತಿಗೆ ಹುಕ್ರಪ್ಪ ಎದ್ದು ಬಂದರು. "ಮಾರಾಯ, ನನ್ನ ಸುಣ್ಣ ಕೊಡು. ಒಂದು ಗಂಟೆಯಿಂದ ಬರೀ ಎಲೆ ಜಗಿಯುತ್ತಾ ಇದ್ದೇನೆ, ಆಡಿನ ಹಾಗೆ."

"ಸುಮ್ಮನಿರಿ ಹುಕ್ರಪ್ಪಣ್ಣ, ಹಾಡು ಮುಗಿಯಲಿ," ಎಂದು ಶೀನಪ್ಪ ಶೆಟ್ಟರೇ ಅವರನ್ನು ಕೂರಿಸಿದರು.

ಸಾಹೇಬರು ಗ್ರಾಮಫೋನಿನ ಮುಚ್ಚಳ ಹಾಕಿ, ಅದರ ಮೇಲೆ ತಮ್ಮ ಬಾಳೆಲೆ ಹಾಸಿಕೊಂಡು ಉಂಡರು.

ಆ ವರ್ಷದ ಮೇ ತಿಂಗಳಲ್ಲಿ ಅಂಗಡಿಯ ಬೋರ್ಡಿಗೆ 'ಏಳು ತಂತಿ ಗಿಟಾರ್ ಸಹಿತ' ಎಂಬ ಸಾಲು ಸೇರಿತು. ಎಲ್ಲವೂ ಧ್ವಜಾಯದ ಗುಣ ಎಂದು ಚಿನ್ನಯ್ಯ ಆಚಾರ್ಯರು ಕೇಳಿದವರಿಗೂ ಕೇಳದವರಿಗೂ ಹೇಳಿದರು. ತ್ರಿಶಲಾ ಟೀಚರು ಮೇಣದ ಗುಣ ಎಂದರು. ಮೆಟ್ಟಿಲು ಮತ್ತೆ ಕೂರಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಹಾರ್ನ್ ಕಟ್ಟಲು ಸಾಹೇಬರು ಬೇರೆ ಆಳು ಹುಡುಕಿದರು.

ಡಬ್ಬಿಯನ್ನು ಹುಕ್ರಪ್ಪ ವಾಪಸು ತೆಗೆದುಕೊಳ್ಳಲಿಲ್ಲ. "ನಿನ್ನ ಕೈಯಲ್ಲೇ ಇರಲಿ. ಒಳಗೆ ಸುಣ್ಣ ಮಾತ್ರ ತಪ್ಪಬಾರದು," ಎಂದಿದ್ದರು. ಖಾಲಿ ಡಬ್ಬಿಗಿಂತ ತುಂಬಿದ ಡಬ್ಬಿಯಲ್ಲಿ ನಾದ ಗುಂಡಗೆ ಬರುತ್ತದೆಂದು ಲೋಕನಾಥನಿಗೂ ಬೇಗ ಗೊತ್ತಾಯಿತು. ಮುಂದಿನ ಆರು ವರ್ಷ, ನಾರಾವಿಯಿಂದ ಕನ್ಯಾನದವರೆಗಿನ ಮದುವೆ ಚಪ್ಪರಗಳಲ್ಲಿ, ಒಂದು ಹಾಡಿಗೂ ಇನ್ನೊಂದಕ್ಕೂ ನಡುವೆ ಯಾರಾದರೊಬ್ಬರು ಎಲೆ ಹಿಡಿದ ಕೈ ಚಾಚುತ್ತಿದ್ದರು. ಅವನು ಶ್ರುತಿಯ ತಂತಿ ಮೀಟಿ ಬಿಟ್ಟು, ಅದು ಗುಂಯ್‌ಗುಡುತ್ತಿರುವಾಗಲೇ ಮುಚ್ಚಳ ತೆರೆದು ಸುಣ್ಣ ಕೊಡುತ್ತಿದ್ದ.