ರಜೆಯ ದಿನದ ಗುಂಯ್ ಸದ್ದು

ವಾರಿಜಾಕ್ಷಿ ತೆಂಗಿನಕಾಯಿ ಕೊಳ್ಳುವಾಗ ಕಾಯಿಯನ್ನು ಅಲುಗಿಸಿ ನೋಡಿದ ಮೇಲೆ ಅಂಗಡಿಯವನ ಮುಖವನ್ನೂ ಒಮ್ಮೆ ನೋಡುತ್ತಿದ್ದಳು. ಹಾಲಿನವನು ತಡವಾಗಿ ಬಂದರೆ ಎಲ್ಲಿ ನೀರು ಬೆರೆಸುತ್ತ ನಿಂತನೋ ಎಂಬ ಯೋಚನೆ. ಬೇಗ ಬಂದರೆ ಇವತ್ತೇಕೆ ಇಷ್ಟು ಅವಸರ ಎಂಬ ಯೋಚನೆ. ವಾಮದಪದವಿನ ತವರಿನಲ್ಲಿ ಅವಳ ಅಪ್ಪ ಭಜನಾ ಮಂಡಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದರು. ಸ್ವರ ಕೂದಲೆಳೆಯಷ್ಟು ಜಾರಿದರೂ ಮೂಲೆಯಲ್ಲಿ ಆಡುತ್ತಿದ್ದ ಮಗಳು ತಲೆ ಎತ್ತಿ ನೋಡುತ್ತಿದ್ದಳಂತೆ. ಆ ಕಿವಿ, ಈ ಸಂಶಯ, ಎರಡೂ ಅವಳೊಟ್ಟಿಗೆ ಬೆಳೆದವು.

ಮದುವೆಯಾಗಿ ಬಂದದ್ದು ಮೂಡುಬಿದಿರೆಗೆ. ಗಂಡ ಮಹೇಶ್ವರ ಬೆಳ್ತಂಗಡಿ ಲೈನಿನ ಖಾಸಗಿ ಬಸ್ಸೊಂದರ ಡ್ರೈವರ್. ಒಂದು ದಿನ ಡ್ಯೂಟಿಯಾದರೆ ಮರುದಿನ ರಜೆ. ಮಾತು ಕಡಿಮೆ, ಜಗಳ ಇನ್ನೂ ಕಡಿಮೆ, ಹುಚ್ಚು ಒಂದೇ: ಕ್ರಿಕೆಟ್. ವಾರಿಜಾಕ್ಷಿ ಬೆಳಿಗ್ಗೆ ಶಾಲೆಯೊಂದರಲ್ಲಿ ಸಂಗೀತ ಹೇಳಿಕೊಡುತ್ತಿದ್ದಳು, ಮಧ್ಯಾಹ್ನದ ಮೇಲೆ ಮನೆಯಲ್ಲಿ ಕೀಬೋರ್ಡ್ ಕಲಿಸುತ್ತಿದ್ದಳು. ಎರಡು ಸಾವಿರದ ನಾಲ್ಕರಲ್ಲಿ ಅವಳು ಬೆಳ್ತಂಗಡಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಲೋಕನಾಥನಿಂದ ಒಂದು ಕಂಪ್ಯೂಟರ್ ಜೋಡಿಸಿ ತರಿಸಿ, ಹಿತ್ತಿಲ ಕಡೆಯ ಕೋಣೆಯಲ್ಲಿಟ್ಟು, ಅದಕ್ಕೆ ಕೀಬೋರ್ಡನ್ನೂ ಮಿಕ್ಸರನ್ನೂ ಸಿಕ್ಕಿಸಿದಳು. ಬಾಗಿಲಿಗೆ ಕಂಬಳಿ, ಕಿಟಕಿಗೆ ದಪ್ಪ ಪರದೆ. ಶಾಲೆಗಳ ವಾರ್ಷಿಕೋತ್ಸವದ ನೃತ್ಯಗಳಿಗೆ ಹಾಡಿನ ಮ್ಯೂಸಿಕ್ ತಯಾರಾಗುವ ಜಾಗ ಅದು. ಅದೇ ವರ್ಷ ಮನೆಯ ಹಳೆಯ ಟಿವಿ ಕೆಟ್ಟಿತು. ಹೊಸದು ಬೇಡವೆಂದು ಅವಳು ಹಟ ಹಿಡಿದಳು.

"ಆಚೆ ಮ್ಯಾಚಿನ ಬೊಬ್ಬೆ ಇದ್ದರೆ ಈಚೆ ನಾನು ರೆಕಾರ್ಡ್ ಮಾಡುವುದು ಹೇಗೆ?"

ಮಹೇಶ್ವರ "ಆಯ್ತು ಮಾರಾಯ್ತಿ" ಎಂದಷ್ಟೇ ಹೇಳಿದ. ಅಷ್ಟು ಸುಲಭವಾಗಿ ಒಪ್ಪಿದ್ದೇ ಅವಳಿಗೆ ಸರಿ ಕಾಣಲಿಲ್ಲ.

ಬಂಟ್ವಾಳದಲ್ಲಿ ಸಿಡಿ, ಕ್ಯಾಸೆಟ್ಟುಗಳ ವ್ಯಾಪಾರ ಮಾಡುತ್ತಿದ್ದ ಅಬ್ದುಲ್ ಶುಕೂರ್, ಬ್ಯಾರಿ ಭಾಷೆಯ ಮದುವೆ ಹಾಡುಗಳ ಒಂದು ಸಿಡಿ ತರಬೇಕೆಂದಿದ್ದರು. ಮ್ಯೂಸಿಕ್ಕು ಇವಳದ್ದು, ಹಾಡುವವರು ಅವರ ಕಡೆಯವರು. ಶಾಲೆಯ ಹಾಡುಗಳಾಚೆ ಅವಳಿಗೆ ಸಿಕ್ಕಿದ ಮೊದಲ ದೊಡ್ಡ ಕೆಲಸ ಅದು. ಮೊದಲ ಹಾಡು ಕಳಿಸಿ ಆದ ಮೇಲೆ ಶುಕೂರ್ ತಾವೇ ಮನೆಗೆ ಬಂದರು.

"ಟೀಚರೇ, ಮ್ಯೂಸಿಕ್ ಚೆಂದ ಉಂಟು. ಆದ್ರೆ ಅದರ ಅಡಿಯಲ್ಲಿ ಒಂದು ದುಂಬಿ ಕೂತಿದೆ, ನೋಡಿ."

ಹಾಡು ಹಾಕಿದರು. ಕೊಳಲಿನ ದನಿ ನಿಂತು ದಫ್ಫಿನ ಬಡಿತ ಶುರುವಾಗುವ ಮೊದಲಿನ ಖಾಲಿ ಜಾಗದಲ್ಲಿ ಸಣ್ಣಗೆ, ಬಿಡದೆ, ಗುಂಯ್ ಎಂದು ಕೇಳಿಸಿತು. ವಾರಿಜಾಕ್ಷಿಯ ಮುಖ ಬಿಸಿಯಾಯಿತು. ಆ ಸದ್ದು ಅವಳಿಗೆ ಮೊದಲೇ ಕೇಳಿಸಿತ್ತು. ಫ್ರಿಜ್ಜಿನದ್ದು ಇರಬೇಕೆಂದು ತನ್ನನ್ನು ತಾನೇ ನಂಬಿಸಿಕೊಂಡಿದ್ದಳು.

"ಮದುವೆ ಪದ್ಯದಲ್ಲಿ ಟ್ರಾನ್ಸ್‌ಫಾರ್ಮರಿನ ಸದ್ದು ಬಂದ್ರೆ ಜನ ನನ್ನನ್ನು ಬಿಡ್ತಾರಾ? ಸರಿ ಮಾಡಿ ಕೊಡಿ. ಆಗದಿದ್ರೆ ಬೇಜಾರಿಲ್ಲ, ಬೇರೆ ಕಡೆ ನೋಡ್ತೇನೆ."

ಅವರು ಹೋದ ಮೇಲೆ ಮಹೇಶ್ವರ ಹೇಳಿದ, "ಹೋದ್ರೆ ಹೋಗ್ಲಿ ಬಿಡು. ನಿನಗೆ ಶಾಲೆಯ ಕೆಲಸ ಉಂಟಲ್ಲ." ಆ ಮಾತು ಮುಳ್ಳಿನಂತೆ ಒಳಗೇ ಮುರಿಯಿತು.

ಅವಳು ಮೊದಲು ಹಿಡಿದದ್ದು ಲೋಕನಾಥನನ್ನು. ಹಳೆಯ ಸಾಮಾನು ಹಾಕಿ ಹೊಸತೆಂದು ಕೊಟ್ಟಿದ್ದಾನೆ ಎಂದೇ ಅವಳ ಎಣಿಕೆ. ಫೋನು ಮಾಡಿದಳು, ಅವನು ಬಂದ. ಎಲ್ಲ ಹಾಕಿ ಕಿವಿಗೆ ಹೆಡ್‌ಫೋನ್ ಕೊಟ್ಟು ನೋಡಿದರೆ ಸದ್ದೇ ಇಲ್ಲ.

"ಎಲ್ಲಿ ಉಂಟು ಅಕ್ಕ? ಕ್ಲೀನಾಗಿ ಉಂಟಲ್ಲ!"

ಅವನು ಹೋದ ಮರುದಿನ ಮತ್ತೆ ಗುಂಯ್. ಮತ್ತೆ ಕರೆದಳು, ಮತ್ತೆ ಬಂದ, ಮತ್ತೆ ಸದ್ದಿಲ್ಲ. ಈ ಸಲ ಅವನು ಕಂಪ್ಯೂಟರ್ ಡಬ್ಬದ ಹಿಂಬದಿಗೆ ಬಗ್ಗಿ ನೋಡಿ, ಕಿಟಕಿಯ ಕಡೆ ಒಮ್ಮೆ ನೋಡಿ, ಗಡಿಬಿಡಿಯಲ್ಲಿ ಎದ್ದು ನಿಂತ.

"ಅರ್ಥಿಂಗಿನ ತೊಂದರೆ ಇರಬಹುದು. ಪ್ಲಗ್ಗಿನ ಮೂರನೇ ಪಿನ್ ತೆಗೆದುಬಿಡುವ, ಸದ್ದು ಹೋಗ್ತದೆ."

"ಶಾಕ್ ಹೊಡೆದು ನಾನೂ ಹೋಗ್ತೇನೆ. ಆಮೇಲೆ ಸದ್ದಿದ್ದರೆ ಯಾರಿಗೆ ಏನು?"

ಲೋಕನಾಥ ನಗಲಿಲ್ಲ. ಕಾಫಿಯನ್ನೂ ಕುಡಿಯದೆ ಹೊರಟ. ಅವನು ಕಿಟಕಿಯ ಕಡೆ ಯಾಕೆ ನೋಡಿದ?

ಮುಂದಿನ ದಿನಗಳಲ್ಲಿ ವಾರಿಜಾಕ್ಷಿ ಯಾರನ್ನೂ ಕರೆಯಲಿಲ್ಲ. ಕೀಬೋರ್ಡ್ ಒಂದನ್ನೇ ಹಾಕಿ ಕೇಳಿದಳು: ಸದ್ದಿಲ್ಲ. ಕಂಪ್ಯೂಟರಿನಲ್ಲಿ ಹಳೆಯ ಹಾಡೊಂದನ್ನು ಬರೀ ಹೆಡ್‌ಫೋನಿನಲ್ಲಿ ಕೇಳಿದಳು: ಅದೂ ಸ್ವಚ್ಛ. ಎರಡನ್ನೂ ಮಿಕ್ಸರಿನ ಮೂಲಕ ಸೇರಿಸಿದ ಕೂಡಲೇ ದುಂಬಿ ಎದ್ದಿತು. ಫ್ರಿಜ್ಜು ಬಂದ್ ಮಾಡಿದಳು, ಫ್ಯಾನು ನಿಲ್ಲಿಸಿದಳು, ಟ್ಯೂಬ್‌ಲೈಟ್ ಆರಿಸಿ ಮಬ್ಬಿನಲ್ಲೇ ಕುಳಿತಳು. ಕೇಬಲ್ಲು ಬದಲಿಸಿದಳು. ದುಂಬಿ ಜಗ್ಗಲಿಲ್ಲ. ಮರುದಿನ, ಏನೂ ಮಾಡದೆಯೇ, ಸದ್ದು ಮಾಯ. ಅದರ ಮರುದಿನ ಪುನಃ ಬಂತು.

ಬಚ್ಚಲಿನಲ್ಲಿ ನಿಂತು ಮಹೇಶ್ವರನ ಖಾಕಿ ಅಂಗಿಯನ್ನು ಬಕೆಟ್ಟಿಗೆ ಹಾಕುತ್ತಿರುವಾಗ ಅವಳಿಗೆ ಹೊಳೆಯಿತು. ಅಂಗಿ ಒಗೆಯಲು ಬೀಳುವುದು ರಜೆಯ ದಿನ. ಸದ್ದು ಬರುವುದೂ ರಜೆಯ ದಿನ. ಲೋಕನಾಥ ಬಂದದ್ದೆಲ್ಲ ಡ್ಯೂಟಿಯ ದಿನ, ಯಾಕೆಂದರೆ ಅವನು ಬೆಳ್ತಂಗಡಿಯಿಂದ ಬರುತ್ತಿದ್ದದ್ದು ಮಹೇಶ್ವರನ ಬಸ್ಸಿನಲ್ಲೇ.

ಅವಳ ಕೈ ನೀರಿನಲ್ಲೇ ಉಳಿಯಿತು. ಹನ್ನೆರಡು ವರ್ಷ ಒಟ್ಟಿಗೆ ಉಂಡ ಮನುಷ್ಯ. 'ಹೋದ್ರೆ ಹೋಗ್ಲಿ' ಎಂದವನು. ತನ್ನ ಕೆಲಸ ಹಾಳಾಗಲೆಂದು ಇವನೇ ಏನೋ ಮಾಡುತ್ತಿದ್ದಾನೆಯೇ? ಆ ದಿನದಿಂದ ಅವಳು ಗಂಡನನ್ನು ಅಪರಿಚಿತನನ್ನು ನೋಡುವ ಹಾಗೆ ನೋಡತೊಡಗಿದಳು. ಅವನು ಎದ್ದರೆ ಯಾಕೆ ಎದ್ದ, ಕೆಮ್ಮಿದರೆ ಯಾರಿಗೆ ಸನ್ನೆ ಮಾಡಿದ. ಅವನು "ಎಂತ ಆಯ್ತು ನಿನಗೆ?" ಎಂದು ಕೇಳಿದರೆ "ಎಂತ ಇಲ್ಲ" ಎನ್ನುತ್ತಿದ್ದಳು. ಬಡಿಸುವಾಗಲೂ ಮುಖ ನೋಡುತ್ತಿರಲಿಲ್ಲ.

ಅವನ ಒಂದು ರಜೆಯ ದಿನ, ತಾನು ಶಾಲೆಗೆ ಹೊರಡುವ ಮೊದಲು ಕಂಪ್ಯೂಟರಿನ ಹಿಂಬದಿಯ ಮೇಜಿನ ಮೇಲೆ ತೆಳ್ಳಗೆ ಮುಖದ ಪೌಡರ್ ಉದುರಿಸಿದಳು. ಮಧ್ಯಾಹ್ನ ಬಂದು ನೋಡಿದರೆ ಅದರ ತುಂಬ ಬೆರಳಿನ ಗುರುತು. ಪೌಡರನ್ನು ಒರೆಸಿ ತೆಗೆದಳು. ಮುಂದಿನ ರಜೆಯ ದಿನ "ಡಾನ್ಸಿನ ರಿಹರ್ಸಲ್ ಉಂಟು, ಬರುವಾಗ ತಡವಾಗ್ತದೆ" ಎಂದು ಹೇಳಿ ಹೋದವಳು, ಎರಡನೇ ಪೀರಿಯಡ್ಡಿಗೇ ತಲೆನೋವೆಂದು ರಜೆ ಕೇಳಿ ಹೊರಟಳು. ಗೇಟು ತೆರೆದರೆ ಕಿರ್ ಎನ್ನುತ್ತದೆಂದು ಪಕ್ಕದ ಮನೆಯ ಕುಶಾಲಪ್ಪನವರ ಹಿತ್ತಿಲಿನಿಂದ ಸುತ್ತಿ ಬಂದಳು.

ಅಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಒಂದು ಕಪ್ಪು ವಯರು. ಕುಶಾಲಪ್ಪನವರ ಮನೆಯ ಮಾಡಿನಿಂದ ಇಳಿದು, ಬಾಳೆಗಿಡದ ಮೇಲೆ ಹಾದು, ತನ್ನದೇ ಕೋಣೆಯ ಕಿಟಕಿಯೊಳಗೆ ಹೋಗಿತ್ತು. ಅವಳು ಪರದೆ ಸರಿಸಿದಳು. ಕಂಪ್ಯೂಟರಿನ ಪರದೆಯ ಮೇಲೆ ಹಸಿರು ಮೈದಾನ, ಬಿಳಿ ಅಂಗಿಯವರು. ಎದುರಿಗೆ ಮಹೇಶ್ವರ, ಅವಳದೇ ಹೆಡ್‌ಫೋನ್ ಹಾಕಿಕೊಂಡು, ಮಡಿಲಲ್ಲಿ ಮಂಡಕ್ಕಿಯ ತಟ್ಟೆ ಇಟ್ಟುಕೊಂಡು ಕುಳಿತಿದ್ದ.

ಕಿಟಕಿಯ ಬೆಳಕಿಗೆ ತಿರುಗಿದವನು ಹೆಡ್‌ಫೋನ್ ತೆಗೆಯುವುದನ್ನೂ ಮರೆತ.

"ಎಷ್ಟು ದಿನದಿಂದ?" ಅವಳು ಕೇಳಿದಳು.

"ಎಂತದು?"

"ಈ ವಯರು!"

ಆಮೇಲೆ ಒಂದೊಂದಾಗಿ ಹೊರಗೆ ಬಂತು. ಟಿವಿ ಬೇಡವೆಂದ ಮೇಲೆ ಅವನು ಬಸ್ಸಿನಲ್ಲಿ ಲೋಕನಾಥನಿಗೆ ದುಃಖ ಹೇಳಿಕೊಂಡಿದ್ದ. ಅವಳು ಶಾಲೆಗೆ ಹೋದ ಹೊತ್ತಿನಲ್ಲಿ ಲೋಕನಾಥ ಬಂದು, ಕಂಪ್ಯೂಟರಿನಲ್ಲೇ ಟಿವಿ ಕಾಣುವ ಹಾಗೆ ಅದರೊಳಗೆ ಟಿವಿ ಕಾರ್ಡೊಂದನ್ನು ಕೂರಿಸಿದ್ದ. ಕುಶಾಲಪ್ಪನವರು ತಮ್ಮ ಕೇಬಲ್ಲಿನಿಂದ ಒಂದು ಎಳೆ ಕೊಟ್ಟಿದ್ದರು. ಅವಳು ಮನೆಗೆ ಬಂದ ಮೇಲೆ ವಯರು ಎಳೆಯುವಂತಿಲ್ಲ. ಅದು ಕಿಟಕಿಯ ಪರದೆಯ ಹಿಂದೆ, ಅವಳ ಕೇಬಲ್ಲುಗಳ ಗೋಜಲಿನಲ್ಲಿ ಒಂದಾಗಿ, ಹಾಗೇ ಇರುತ್ತಿತ್ತು. ಮರುದಿನ ಡ್ಯೂಟಿಗೆ ಹೊರಡುವಾಗ, ಅವಳು ದೋಸೆ ಹೊಯ್ಯುತ್ತಿರುವ ಹೊತ್ತಿಗೆ, ಕಿತ್ತು ಆಚೆಗೆ ಎಸೆದು ಹೋಗುತ್ತಿದ್ದ.

ಅವಳು ಒಳಗೆ ಬಂದು, ಅವನನ್ನು ಎಬ್ಬಿಸಿ, ಹೆಡ್‌ಫೋನ್ ಮಿಕ್ಸರಿಗೆ ಸಿಕ್ಕಿಸಿ, ಕೀಬೋರ್ಡ್ ಹಾಕಿದಳು. ಗುಂಯ್. ವಯರು ಕಿತ್ತಳು. ಮೌನ. ಪುನಃ ಸಿಕ್ಕಿಸಿದಳು. ಗುಂಯ್. ಅವನ ಕಿವಿಗೇ ಇಟ್ಟು ಕೇಳಿಸಿದಳು.

"ದೇವರಾಣೆ ನನಗೆ ಗೊತ್ತಿರಲಿಲ್ಲ ವಾರಿಜ. ಮ್ಯಾಚಿನ ವಯರಿಗೂ ನಿನ್ನ ಹಾಡಿಗೂ ಎಂತ ಸಂಬಂಧ ಅಂತ..."

ಅವನ ಮುಖ ನೋಡಿದಳು. ಸುಳ್ಳಿರಲಿಲ್ಲ. ಅದೇ ಅವಳಿಗೆ ಹೆಚ್ಚು ನೋವು ಕೊಟ್ಟಿತು. ದ್ವೇಷವಾಗಿದ್ದರೆ ತನ್ನ ಕೆಲಸವನ್ನು ಅವನು ಲೆಕ್ಕಕ್ಕಾದರೂ ಇಟ್ಟಿದ್ದಾನೆ ಎಂದಾಗುತ್ತಿತ್ತು. ಶುಕೂರ್ ಮನೆಗೇ ಬಂದು ಕುಳಿತು ಸದ್ದಿನ ವಿಷಯ ಹೇಳಿದಾಗಲೂ, ಅವಳು ವಾರಗಟ್ಟಲೆ ವಯರು ಹಿಡಿದುಕೊಂಡು ಅಲೆದಾಗಲೂ, ಇದು ತನಗೆ ಸೇರಿದ್ದಿರಬಹುದೇ ಎಂದು ಅವನಿಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ಲೋಕನಾಥನನ್ನು ಬರಹೇಳಿದಳು. ಅವನು ನೆಲ ನೋಡುತ್ತಲೇ ಹೇಳಿದ, "ಕೇಬಲ್ಲಿನ ಅರ್ಥಿಂಗು ಬೇರೆ, ನಿಮ್ಮ ಮನೆಯದ್ದು ಬೇರೆ. ಎರಡೂ ಕಂಪ್ಯೂಟರಿನಲ್ಲಿ ಸೇರಿದ್ರೆ ಕರೆಂಟು ಅಲ್ಲೇ ಸುತ್ತು ಹೊಡೀತದೆ ಅಕ್ಕ, ಆ ಗುಂಯ್ ಅದರದ್ದೇ. ನನಗೆ ಎರಡನೇ ಸಲ ಬಂದಾಗ ಡೌಟು ಬಂದಿತ್ತು. ಗಂಡ ಹೆಂಡತಿ ಮಧ್ಯೆ ನಾನ್ಯಾಕೆ ಬರುವುದು ಅಂತ..."

"ಅದಕ್ಕೆ ನನಗೆ ಶಾಕ್ ಹೊಡೆಸಲಿಕ್ಕೆ ಹೊರಟದ್ದಾ?"

ಅವನು ಟಿವಿ ಕಾರ್ಡು ಕಳಚಿಕೊಂಡು ಹೋದ. ಮುಂದೆ ಅವಳು ಕಂಪ್ಯೂಟರಿನ ಯಾವ ಕೆಲಸಕ್ಕೂ ಅವನನ್ನು ಕರೆಯಲಿಲ್ಲ.

ಶುಕೂರರ ಎಂಟು ಹಾಡುಗಳನ್ನೂ ಮೊದಲಿನಿಂದ ನುಡಿಸಿ ಕೊಟ್ಟಳು. ಸಿಡಿ ಹೊರಬಂತು, ಬಂಟ್ವಾಳ, ಬೆಳ್ತಂಗಡಿಯ ಮದುವೆ ಮನೆಗಳಲ್ಲಿ ಸಾಕಷ್ಟು ಕೇಳಿಸಿತು. ಹೊರಗಿನ ಚಾವಡಿಗೆ ಹೊಸ ಟಿವಿಯೂ ಬಂತು, ಅವಳೇ ತರಿಸಿದ್ದು. ರೆಕಾರ್ಡಿಂಗ್ ಇದ್ದ ದಿನ ಮಹೇಶ್ವರ ಸದ್ದು ಪೂರ್ತಿ ಇಳಿಸಿ, ಆಟಗಾರರು ಬಾಯಿ ಆಡಿಸುವುದನ್ನಷ್ಟೇ ನೋಡುತ್ತ ಕೂರುತ್ತಿದ್ದ. ಇಬ್ಬರ ನಡುವೆ ಮಾತು ಮೊದಲಿನ ಹದಕ್ಕೆ ಬರಲು ಒಂದು ಮಳೆಗಾಲವೇ ಕಳೆಯಿತು.

ಆಮೇಲೊಂದು ದಿನ ವೇಣೂರಿನ ಪರಿಚಯದ ಹೆಂಗಸೊಬ್ಬಳು ಪೇಟೆಯಲ್ಲಿ ಸಿಕ್ಕಿದಳು. "ನಿಮ್ಮ ಯಜಮಾನರ ಬಸ್ಸಿನಲ್ಲಿ ಬಂದೆ. ಮದುವೆ ಹಾಡು ಹಾಕಿದ್ರು. ಇದರ ಮ್ಯೂಸಿಕ್ ನನ್ನ ಹೆಂಡತಿಯದ್ದು ಅಂತ ಎಲ್ಲರಿಗೂ ಹೇಳ್ತಿದ್ರು ಮಾರಾಯ್ರೆ!"

ವಾರಿಜಾಕ್ಷಿ ನಕ್ಕಳು. ಮನೆಗೆ ನಡೆಯುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ: ಇದನ್ನು ನನಗೆ ಮುಟ್ಟಿಸಬೇಕೆಂದು ಆ ಹೆಂಗಸಿಗೆ ಮಹೇಶ್ವರನೇ ಹೇಳಿ ಕಳಿಸಿರಬಹುದೋ ಏನೋ.