ಮಿಶ್ರಿ ಬಿಟ್ಟ ಹೌಸಾ ಆತ್ಯಾ

ಮಗ ಮಲ್ಹಾರ ನಕ್ಕಾಗಲೆಲ್ಲ ನನ್ನ ಕಣ್ಣು ಅವನ ಮೇಲಿನ ಹಲ್ಲುಗಳ ಬುಡಕ್ಕೇ ಹೋಗುತ್ತದೆ. ಅಲ್ಲಿ ಸುಣ್ಣ ಎಳೆದಂತೆ ಬಿಳಿ ಗೆರೆಯೊಂದಿತ್ತು. ಈಗೀಗ ಅದು ಹಳದಿಯಾಗಿ ಕಾಣುತ್ತಿದೆ. ನಿಜವೋ, ನನ್ನ ದಿಗಿಲೋ? "ಹಾಲುಹಲ್ಲು, ಹೆಂಗೂ ಬೀಳೋದೇ" ಎನ್ನುತ್ತಾರೆ ಗಂಡ. ಮೂರು ವರ್ಷದ ಕೂಸು. ಬೀಳುವತನಕ ನೋವು ಸುಮ್ಮನಿರುತ್ತದೆಯೇ? ಹಲ್ಲಿನ ಡಾಕ್ಟರ ನಂಬರು ಮೊಬೈಲಿನಲ್ಲಿದೆ. "ತಡ ಮಾಡಿದಿರಿ" ಎಂದುಬಿಟ್ಟರೆ ಎಂಬ ಭಯಕ್ಕೆ ಒತ್ತಲು ಬೆರಳೇ ಬಾರದು.

ಆ ನಂಬರು ಸಿಕ್ಕಿದ್ದು ಹೌಸಾ ಆತ್ಯಾರ ದೆಸೆಯಿಂದ. ಗಂಡನ ಸೋದರತ್ತೆ. ಪುಣೆಯಲ್ಲಿ ಓದಿದ ನಾನು ಕರಾಡದ ಬಳಿಯ ಈ ಊರಿಗೆ ಸೊಸೆಯಾಗಿ ಬಂದಾಗ ಮೊದಲು ಕಂಡದ್ದು ಅವರ ಕಪ್ಪು ತೋರುಬೆರಳು. ತಂಬಾಕನ್ನು ತವೆಯ ಮೇಲೆ ಕರಕಾಗುವಂತೆ ಹುರಿದು, ಪುಡಿ ಮಾಡಿ ಡಬ್ಬಿಗೆ ತುಂಬುವರು. ಅದೇ ಮಿಶ್ರಿ. ಬೆಳಗಾದರೆ ಓಣಿಯ ಹೆಂಗಸರು ನಮ್ಮ ಹಿತ್ತಿಲ ಕಟ್ಟೆಗೆ ಬಂದು, ಒಂದೇ ಡಬ್ಬಿಗೆ ಬೆರಳದ್ದಿ ಒಸಡು ತಿಕ್ಕುತ್ತ ಕೂರುವರು. ಊರ ಸುದ್ದಿಯೆಲ್ಲ ಆ ಕಪ್ಪು ಉಗುಳಿನ ಜೊತೆಗೇ ಹೊರಬೀಳುತ್ತಿತ್ತು.

ಒಂದು ಮುಂಜಾನೆ ಮಲ್ಹಾರನೂ ಅವರ ನಡುವೆ ಕುಕ್ಕರಗಾಲಲ್ಲಿ ಕೂತು ಡಬ್ಬಿಗೆ ಬೆರಳಿಟ್ಟ.

"ಬಂದ್ಲು ನೋಡ್ರೇ ಹೊಸಾ ಗೆಳತಿ!" ಎಂದು ನೆರೆಯ ತಾನೂಬಾಯಿ ನಕ್ಕರು. ನಗು ಮುಗಿಯುವಷ್ಟರಲ್ಲಿ ಮಗು ಬಿಳಿಚಿಕೊಂಡು ವಾಂತಿ ಮಾಡಿತು. ಆತ್ಯಾ ಸೆರಗಿನಿಂದ ಅವನ ಬಾಯಿ ಒರೆಸಿ, ತೊಳೆದು, ಚೇತರಿಸಿಕೊಳ್ಳುವವರೆಗೆ ತೊಡೆಯಿಂದ ಇಳಿಸಲಿಲ್ಲ. ಆಮೇಲೆ ಡಬ್ಬಿಯನ್ನು ತಿಪ್ಪೆಗೆ ಸುರಿದು ಬಂದರು.

ಲಂಗ ತೊಡುವ ವಯಸ್ಸಿನಿಂದ ಹತ್ತಿದ ಚಟ. ಬಿಟ್ಟ ಮೊದಲ ದಿನಗಳಲ್ಲಿ ತಲೆ ಸಿಡಿಯಿತು, ಚಹಾದ ಬಟ್ಟಲು ತಳ್ಳಿದರು. ಆದರೂ ಕಟ್ಟೆ ಬಿಡಲಿಲ್ಲ. ಅದೇ ಗೆಳತಿಯರ ನಡುವೆ ಬ್ರಷ್ ಹಿಡಿದು ಕೂತರು. ಸಾಲದ್ದಕ್ಕೆ ಜೋಳದ ಭಾಕರಿ ಕಚ್ಚಿದರೆ ರೊಟ್ಟಿಯ ಮೇಲೆ ರಕ್ತ.

"ನೋಡಿದಿ, ಹೌಸಾ? ಮಿಶ್ರೀನ ನಿನ್ನ ಒಸಡು ಹಿಡಿದಿತ್ತು. ಹಟಾ ಬಿಡು, ಒಂದ್ ಚಿಟಿಕಿ ತಗೋ," ತಾನೂಬಾಯಿ ಡಬ್ಬಿ ಚಾಚಿದರು. ರಕ್ತ ಕಂಡು ನನಗೂ ಅದೇ ನಿಜವೆನಿಸಿಬಿಟ್ಟಿತ್ತು.

"ಪೋರ ನೋಡಾಕತ್ತೈತಿ," ಎಂದರು ಆತ್ಯಾ. ಅಷ್ಟೇ.

ಅವರನ್ನು ಕರಾಡದ ದಂತವೈದ್ಯೆಯ ಬಳಿ ಕರೆದೊಯ್ದೆ. "ರೋಗ ಮೊದಲೇ ಇತ್ತು, ಆತ್ಯಾ. ತಂಬಾಕು ರಕ್ತ ಕಾಣಗೊಡ್ತಿರಲಿಲ್ಲ, ಈಗ ಕಾಣ್ತಿದೆ," ಎಂದರು ಡಾಕ್ಟರ್ ಶಿರ್ಕೆ. ಅವರು ಹಲ್ಲು ಕೆರೆದು ಸ್ವಚ್ಛ ಮಾಡಿದಂತೆ ಬುಡದಿಂದ ಕಪ್ಪು ಗಾರೆ ಚೂರುಚೂರಾಗಿ ಉದುರಿತು. ಆತ್ಯಾ ಅದನ್ನು ದಿಟ್ಟಿಸಿ, "ಅಯ್ಯ, ಇದರಾಗ ಒಂದ್ ಒಲಿ ಕಟ್ಟಬೌದಿತ್ತಲ್ಲ!" ಎಂದರು. ಪೂರ್ತಿ ಅಲುಗಾಡುತ್ತಿದ್ದ ಒಂದು ಹಲ್ಲನ್ನು ಕೀಳಲೇಬೇಕಾಯಿತು. ಅರಳೆ ಕಚ್ಚಿಕೊಂಡೇ ಆತ್ಯಾ ಸನ್ನೆ ಮಾಡಿ, ಮಲ್ಹಾರನ ಹಲ್ಲಿನ ಗೆರೆಯ ಬಗ್ಗೆ ನನ್ನಿಂದ ಕೇಳಿಸಿದರು.

"ಗೆರೆ ಬಿಳಿ ಇರೋವಾಗ್ಲೇ ತಂದ್ರೆ ಔಷಧ ಹಚ್ಚಿ ಹುಳುಕು ತಡೀಬಹುದು, ಕೊರೆಯೋದು ಬೇಕಾಗಲ್ಲ. ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸ್ಬೇಡಿ. ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಾಕಿ, ನೀವೇ ಉಜ್ಜಿ," ಎಂದು ಡಾಕ್ಟರ್ ನಂಬರು ಕೊಟ್ಟರು. ಬಾಟಲಿ ಬಿಡಿಸಿದೆ, ಉಜ್ಜಿದೆ. ಫೋನ್ ಮಾತ್ರ ಮಾಡಲಿಲ್ಲ.

ಇವತ್ತು ಕಟ್ಟೆಯ ಮೇಲೆ ತಾನೂಬಾಯಿಯ ಡಬ್ಬಿ ಆತ್ಯಾರ ಮೂಗಿನ ಕೆಳಗೇ ತೆರೆದಿತ್ತು. ಗಾಳಿಯಲ್ಲಿ ಹುರಿದ ತಂಬಾಕಿನ ಘಾಟು. ಆತ್ಯಾ ಉಸಿರೆಳೆದುಕೊಂಡರು, ಕಣ್ಣು ಮುಚ್ಚಿದರು, ಮತ್ತೆ ಉಜ್ಜತೊಡಗಿದರು. ಉಗುಳಿದರೆ ಬರಿಯ ಬಿಳಿ ನೊರೆ. ಕೆಂಪಿನ ಎಳೆಯೂ ಇಲ್ಲ. ಮಗ್ಗುಲಲ್ಲಿ ಮಲ್ಹಾರ, ಅವರಂತೆಯೇ ಕುಕ್ಕರಗಾಲಲ್ಲಿ, ಕೈಯಲ್ಲಿ ಪುಟ್ಟ ಬ್ರಷ್. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಇಷ್ಟು ದೊಡ್ಡ ಜಗಳವನ್ನು ಒಬ್ಬ ಹೆಂಗಸು ಸದ್ದಿಲ್ಲದೆ ತನ್ನೊಡನೆ ತಾನೇ ಆಡಿ ಗೆಲ್ಲಬಹುದೇ?

"ಏನ ಸೂನಬಾಯಿ, ಹಲ್ಲು ಕೀಳಿಸ್ಕೊಂಡಾಕಿ ನಾನು, ಫೋನ್ ಹಿಡಿಯಾಕ ಅಂಜಾಕಿ ನೀನು?" ಎಂದರು ಆತ್ಯಾ, ಸೊಸೆ ನನ್ನತ್ತ ತಿರುಗಿ.

ಒತ್ತಿದೆ. ರಿಂಗಾಯಿತು.

"ಡಾಕ್ಟರ್, ನಾನು ಹೌಸಾ ಆತ್ಯಾರ ಸೊಸೆ... ಹ್ಞೂಂ, ಮಲ್ಹಾರನ ತಾಯಿ. ಇವತ್ತೇ ಕರ್ಕೊಂಡು ಬರ್ಲಾ?"